ಥರ್ಮೋಪ್ಲಾಸ್ಟಿಕ್ ಪಾಲಿಯೆಸ್ಟರ್‌ಗಳಲ್ಲಿ ಖನಿಜ ಫಿಲ್ಲರ್‌ಗಳು

ಖನಿಜ ಫಿಲ್ಲರ್‌ಗಳು ಎಂದರೆ ಪ್ಲಾಸ್ಟಿಕ್ಕಿನ ಗುಣಗಳನ್ನು ಬದಲಿಸುವ ಸಲುವಾಗಿ, ಅದು ಕರಗಿದ ಸ್ಥಿತಿಯಲ್ಲಿರುವಾಗ ಅದರೊಳಗೆ ಬೆರೆಸಲಾಗುವ ನುಣ್ಣನೆಯ ಕಲ್ಲಿನ ಪುಡಿಗಳು. ಟಾಲ್ಕ್, ಅಭ್ರಕ, ವೊಲಾಸ್ಟೊನೈಟ್, ಸುಣ್ಣದ ಕಲ್ಲು, ಪಿಂಗಾಣಿ ಮಣ್ಣು ಮತ್ತು ಬರೈಟ್ ಇವುಗಳಲ್ಲಿ ಮುಖ್ಯವಾದವು. ಬಿಸಿಮಾಡಿದಾಗ ಕರಗಿ, ಆರಿದಾಗ ಗಟ್ಟಿಯಾಗುವ ಪಾಲಿಯೆಸ್ಟರ್‌ಗಳಲ್ಲಿ ಇವನ್ನು ಬೆರೆಸಿ ಪಡೆಯುವ ಸಂಯುಕ್ತ ವಸ್ತುಗಳು ವಾಹನಗಳ ವಿದ್ಯುತ್ ಕನೆಕ್ಟರ್, ದೀಪದ ಹಿಡಿಕೆ, ಇಸ್ತ್ರಿಪೆಟ್ಟಿಗೆಯ ಹೊರಕವಚ ಮುಂತಾದೆಡೆ ಬಳಕೆಯಾಗುತ್ತವೆ.

ಫಿಲ್ಲರ್ ಎಂಬ ಮಾತಿಗೆ ತುಂಬುವಂಥದ್ದು ಎಂದರ್ಥ. ಹೆಸರಿನಿಂದಾಗಿ ಇದು ದುಬಾರಿ ಪ್ಲಾಸ್ಟಿಕ್ಕಿಗೆ ಅಗ್ಗದ ಕಲ್ಲುಪುಡಿ ಸೇರಿಸುವ ಒಂದು ಬಗೆಯ ಕಲಬೆರಕೆ ಎಂಬ ಭಾವನೆ ಸಾಮಾನ್ಯವಾಗಿದೆ. ಪಾಲಿಯೆಸ್ಟರ್‌ಗಳ ಮಟ್ಟಿಗೆ ಈ ಭಾವನೆ ಸರಿಯಲ್ಲ. ಇಲ್ಲಿ ಖನಿಜವು ವಸ್ತುವಿನ ಬಿಗುವು, ಬಿಸಿ ತಾಳುವ ಶಕ್ತಿ, ಆಕಾರ ನಿಷ್ಠೆ ಇವನ್ನು ಹೆಚ್ಚಿಸುತ್ತದೆ. ಅದಕ್ಕೆ ಬದಲಾಗಿ ಪೆಟ್ಟು ತಾಳುವ ಗುಣವನ್ನು ಕಸಿದುಕೊಳ್ಳುತ್ತದೆ. ಗಳಿಕೆ ಎಷ್ಟು, ನಷ್ಟ ಎಷ್ಟು ಎಂಬುದು ಪುಡಿಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಕಣದ ಆಕಾರ, ಮೇಲ್ಮೈ ಮತ್ತು ಅದರಲ್ಲಿ ಅಡಗಿರುವ ತೇವವನ್ನು ಅವಲಂಬಿಸಿದೆ.

ಪಾಲಿಯೆಸ್ಟರ್‌ಗಳ ಸ್ವಭಾವ

ಈ ವರ್ಗದಲ್ಲಿ ಎರಡು ಪಾಲಿಮರ್‌ಗಳು ಪ್ರಧಾನವಾದವು. ಮೊದಲನೆಯದು ಪಾಲಿಎಥಿಲೀನ್ ಟೆರೆಫ್ಥಾಲೇಟ್, ಸಂಕ್ಷೇಪವಾಗಿ ಪಿಇಟಿ. ನೀರಿನ ಬಾಟಲಿಯಿಂದಾಗಿ ಎಲ್ಲರಿಗೂ ಪರಿಚಿತವಾದ ವಸ್ತು ಇದು. 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ ಇದಕ್ಕೆ ಪೇಟೆಂಟ್ ಪಡೆದರು. ಟೆರಿಲೀನ್ ಎಂಬ ಹೆಸರಿನಲ್ಲಿ ಬಟ್ಟೆಯ ನೂಲಾಗಿ ಇದು ಮೊದಲು ಪ್ರಸಿದ್ಧವಾಯಿತು; ಬಾಟಲಿಯಾದದ್ದು 1970ರ ದಶಕದಲ್ಲಿ. ಎರಡನೆಯದು ಪಾಲಿಬ್ಯುಟಿಲೀನ್ ಟೆರೆಫ್ಥಾಲೇಟ್, ಅಂದರೆ ಪಿಬಿಟಿ. 1970ರ ಸುಮಾರಿಗೆ ಅಮೆರಿಕದ ಸೆಲನೀಸ್ ಕಂಪನಿ ಇದನ್ನು ಎಂಜಿನಿಯರಿಂಗ್ ಪ್ಲಾಸ್ಟಿಕ್ ಆಗಿ ಮಾರುಕಟ್ಟೆಗೆ ತಂದಿತು.

ಎರಡರ ರಚನೆಯಲ್ಲಿರುವ ವ್ಯತ್ಯಾಸ ಚಿಕ್ಕದು. ಸರಪಳಿಯ ಪ್ರತಿ ಕೊಂಡಿಯಲ್ಲಿ ಪಿಇಟಿಗೆ ಎರಡು ಇಂಗಾಲದ ಬಾಗುವ ತುಂಡು ಇದ್ದರೆ ಪಿಬಿಟಿಗೆ ನಾಲ್ಕು ಇಂಗಾಲದ ತುಂಡು ಇರುತ್ತದೆ. ಆದರೆ ಗುಣದಲ್ಲಿ ಅಂತರ ದೊಡ್ಡದು. ಪಿಇಟಿ ಸುಮಾರು 255 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಪಿಬಿಟಿ ಸುಮಾರು 225ರಲ್ಲಿ. ಉದ್ದ ಕೊಂಡಿಯ ಪಿಬಿಟಿ ಸರಾಗವಾಗಿ ಬಾಗಿ ಬೇಗನೆ ಸ್ಫಟಿಕವಾಗುತ್ತದೆ; ಪಿಇಟಿ ಬಹಳ ನಿಧಾನ. ಸ್ಫಟಿಕವಾಗದೆ ಉಳಿದ ಭಾಗವು ಪಿಇಟಿಯಲ್ಲಿ 70ರಿಂದ 80 ಡಿಗ್ರಿಯ ನಡುವೆ, ಪಿಬಿಟಿಯಲ್ಲಿ ಅದಕ್ಕೂ ಕಡಿಮೆ ಉಷ್ಣತೆಯಲ್ಲೇ ಮೆತ್ತಗಾಗತೊಡಗುತ್ತದೆ. ಹೀಗಾಗಿ 225 ಡಿಗ್ರಿಯವರೆಗೆ ಕರಗದ ಪಿಬಿಟಿ, ಮೇಲೆ ಭಾರ ಹೇರಿದರೆ 60 ಡಿಗ್ರಿಯ ಆಸುಪಾಸಿನಲ್ಲೇ ಬಾಗಬಹುದು. ಖನಿಜವನ್ನೋ ಗಾಜಿನ ಎಳೆಯನ್ನೋ ಬೆರೆಸುವ ಅಗತ್ಯ ಹುಟ್ಟಿದ್ದು ಮುಖ್ಯವಾಗಿ ಇಲ್ಲಿ.

ಬಳಕೆಯಲ್ಲಿರುವ ಖನಿಜಗಳು

ಟಾಲ್ಕ್ ಮೆಗ್ನೀಸಿಯಮ್ಮಿನ ಒಂದು ಸಿಲಿಕೇಟ್. ಗಡಸುತನದ ಮೋಹ್ಸ್ ಅಳತೆಯಲ್ಲಿ ಇದಕ್ಕೆ 1, ಎಂದರೆ ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಕನ್ನಡಿಗರಿಗೆ ಇದು ಹೊಸದಲ್ಲ: ಹಿಂದಿನ ತಲೆಮಾರಿನ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕಲ್ಲಿನಲ್ಲಿ ಇರುವುದು ಇದೇ ಖನಿಜ. ಬೇಲೂರು, ಹಳೇಬೀಡುಗಳ ಸೂಕ್ಷ್ಮ ಕೆತ್ತನೆಗೆ ಒದಗಿದ ಕಲ್ಲೂ ಈ ಮೃದು ಜಾತಿಗೆ ಸೇರಿದ್ದು. ಇದರ ಕಣಗಳು ತೆಳುವಾದ ಹಾಳೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಯಂತ್ರವನ್ನು ಸವೆಸುವುದಿಲ್ಲವೆಂಬುದು ಕಾರ್ಖಾನೆಯವರಿಗೆ ಇದರ ಮೇಲಿರುವ ಪ್ರೀತಿಗೆ ಒಂದು ಕಾರಣ.

ಅಭ್ರಕವನ್ನು ಹಳ್ಳಿಗಳಲ್ಲಿ ಕಾಗೆ ಬಂಗಾರ ಎನ್ನುವುದುಂಟು. ಇದೂ ಹಾಳೆ ಹಾಳೆಯಾಗಿಯೇ ಬಿಡುತ್ತದೆ, ಆದರೆ ಟಾಲ್ಕಿಗಿಂತ ಗಟ್ಟಿ. ಎಚ್ಚರದಿಂದ ಬಿಡಿಸಿದ ಅಭ್ರಕದ ಚೂರಿನ ಅಗಲವು ಅದರ ದಪ್ಪದ ಐವತ್ತು ಪಟ್ಟಿಗೂ ಮೀರಬಹುದು. ವೊಲಾಸ್ಟೊನೈಟ್ ಕ್ಯಾಲ್ಸಿಯಂ ಸಿಲಿಕೇಟ್. ಇದರ ಕಣಗಳು ಸೂಜಿಯಂತಿದ್ದು, ಗಾಜಿನ ಎಳೆಯ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತವೆ. ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ದುಂಡನೆಯ ಕಣಗಳುಳ್ಳದ್ದು, ಅಗ್ಗವಾದದ್ದು. ಬರೈಟ್ ಎಂಬ ಬೇರಿಯಂ ಸಲ್ಫೇಟ್ ನೀರಿನ ನಾಲ್ಕೂವರೆ ಪಟ್ಟು ತೂಗುತ್ತದೆ. ಪಿಬಿಟಿಯಲ್ಲಿ ಇದನ್ನು ಹೇರಳವಾಗಿ ಬೆರೆಸಿದರೆ ಕೈಗೆ ಪಿಂಗಾಣಿಯಂತೆ ಭಾರವೆನಿಸುವ ವಸ್ತು ದೊರೆಯುತ್ತದೆ. ಭಾರತದಲ್ಲಿ ಟಾಲ್ಕ್ ಮತ್ತು ವೊಲಾಸ್ಟೊನೈಟ್ ಹೆಚ್ಚಾಗಿ ರಾಜಸ್ಥಾನದಿಂದ ಬರುತ್ತವೆ. ಆಂಧ್ರಪ್ರದೇಶದ ಮಂಗಂಪೇಟೆಯ ಬರೈಟ್ ನಿಕ್ಷೇಪ ಲೋಕಪ್ರಸಿದ್ಧವಾದುದು.

ಗಾಜಿನ ಎಳೆಯನ್ನು ಸಾಮಾನ್ಯವಾಗಿ ಫಿಲ್ಲರ್ ಎನ್ನದೆ ಬಲವರ್ಧಕ ಎಂದು ಬೇರೆಯಾಗಿ ಎಣಿಸುತ್ತಾರೆ. ಆದರೂ ಖನಿಜಗಳ ಗುಣಾವಗುಣಗಳನ್ನು ಅಳೆಯುವ ಮಾನದಂಡ ಅದೇ ಆಗಿರುವುದರಿಂದ ಮುಂದೆ ಹಲವು ಕಡೆ ಅದರ ಪ್ರಸ್ತಾಪ ಬರುತ್ತದೆ.

ತೂಕದ ಲೆಕ್ಕ, ಗಾತ್ರದ ಲೆಕ್ಕ

ಕಂಪನಿಗಳ ಮಾಹಿತಿ ಪತ್ರಗಳಲ್ಲಿ ಶೇಕಡಾ 30 ಟಾಲ್ಕ್ ಎಂದಿದ್ದರೆ ಅದು ತೂಕದ ಲೆಕ್ಕ. ಆದರೆ ವಸ್ತುವಿನ ವರ್ತನೆಯನ್ನು ನಿರ್ಧರಿಸುವುದು ಖನಿಜವು ಆಕ್ರಮಿಸಿದ ಗಾತ್ರ. ವಿದ್ಯಾರ್ಥಿಗಳು ಇಲ್ಲಿ ಎಡವುವುದೇ ಹೆಚ್ಚು; ಒಂದು ಉದಾಹರಣೆಯನ್ನು ಬಿಡಿಸಿ ನೋಡುವುದು ಒಳ್ಳೆಯದು.

100 ಗ್ರಾಂ ಮಿಶ್ರಣದಲ್ಲಿ 30 ಗ್ರಾಂ ಟಾಲ್ಕ್, 70 ಗ್ರಾಂ ಪಿಬಿಟಿ ಇದೆ ಎನ್ನೋಣ. ಟಾಲ್ಕಿನ ಸಾಂದ್ರತೆ 2.75, ಪಿಬಿಟಿಯದು 1.31. ಟಾಲ್ಕಿನ ಗಾತ್ರ 10.9 ಘನ ಸೆಂಟಿಮೀಟರ್, ಪಿಬಿಟಿಯದು 53.4. ಒಟ್ಟು 64.3ರಲ್ಲಿ ಟಾಲ್ಕಿನ ಪಾಲು ಶೇಕಡಾ 17 ಮಾತ್ರ. ಅದೇ 30 ಗ್ರಾಂ ಬರೈಟ್ ಹಾಕಿದರೆ ಅದರ ಪಾಲು ಶೇಕಡಾ 11ಕ್ಕೆ ಇಳಿಯುತ್ತದೆ. ಮಿಶ್ರಣದ ಸಾಂದ್ರತೆ ಟಾಲ್ಕಿನೊಂದಿಗೆ 1.55, ಬರೈಟಿನೊಂದಿಗೆ 1.66 ಆಗುತ್ತದೆ.

ಇದರಿಂದ ಅಗ್ಗದ ಪ್ರಶ್ನೆಯೂ ಸ್ಪಷ್ಟವಾಗುತ್ತದೆ. ಕಾರ್ಖಾನೆಯು ಪ್ಲಾಸ್ಟಿಕ್ಕನ್ನು ತೂಕದಲ್ಲಿ ಕೊಳ್ಳುತ್ತದೆ, ಆದರೆ ಅಚ್ಚನ್ನು ತುಂಬುವುದು ಗಾತ್ರದಿಂದ. ಶುದ್ಧ ಪಿಬಿಟಿಯಲ್ಲಿ 131 ಗ್ರಾಂ ತೂಗುವ ಭಾಗವು ಟಾಲ್ಕ್ ಮಿಶ್ರಣದಲ್ಲಿ 155 ಗ್ರಾಂ ತೂಗುತ್ತದೆ. ಬೆರೆಸುವ ಕೂಲಿ, ವಿದ್ಯುತ್ತು, ಲೇಪನದ ಖರ್ಚು ಸೇರಿದರೆ ಕಲ್ಲುಪುಡಿಯಿಂದ ಉಳಿತಾಯ ಎಂಬ ಮಾತು ಅನೇಕ ವೇಳೆ ಮಾತಾಗಿಯೇ ಉಳಿಯುತ್ತದೆ.

ಬಿಗುವು ಮತ್ತು ಬಲ

ಬಿಗುವು ಮತ್ತು ಬಲ ಒಂದೇ ಅಲ್ಲ. ಎಳೆದಾಗ ಹಿಗ್ಗದಿರುವುದು ಬಿಗುವು. ಎಳೆದಾಗ ತುಂಡಾಗದಿರುವುದು ಬಲ. ಖನಿಜವು ಮೊದಲನೆಯದನ್ನು ಹೆಚ್ಚುಕಡಿಮೆ ಯಾವಾಗಲೂ ಹೆಚ್ಚಿಸುತ್ತದೆ, ಎರಡನೆಯದನ್ನು ಅಪರೂಪಕ್ಕೆ.

ದುಂಡು ಕಣಗಳಿಗೆ ಅನ್ವಯಿಸುವ ಹಳೆಯ ಸೂತ್ರವೊಂದಿದೆ. ದ್ರವದಲ್ಲಿ ತೇಲುವ ಕಣಗಳ ಕುರಿತು ಐನ್‌ಸ್ಟೈನ್ 1906ರಲ್ಲಿ ಪ್ರಕಟಿಸಿದ ವಿಚಾರವನ್ನು ಸ್ಮಾಲ್‌ವುಡ್ ಮತ್ತು ಗುತ್ 1940ರ ದಶಕದಲ್ಲಿ ರಬ್ಬರಿಗೆ ವಿಸ್ತರಿಸಿದರು. ಗಾತ್ರದ ಪಾಲನ್ನು 2.5ರಿಂದ ಗುಣಿಸಿ, ಅದರ ವರ್ಗವನ್ನು 14.1ರಿಂದ ಗುಣಿಸಿ, ಎರಡನ್ನೂ 1ಕ್ಕೆ ಕೂಡಿಸಿದರೆ ಬಿಗುವು ಎಷ್ಟು ಪಟ್ಟಾಯಿತೆಂಬುದು ತಿಳಿಯುತ್ತದೆ. ಮೇಲಿನ ಶೇಕಡಾ 17ಕ್ಕೆ ಉತ್ತರ ಸುಮಾರು 1.8 ಪಟ್ಟು. ಶುದ್ಧ ಪಿಬಿಟಿಯ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 2.5 ಗಿಗಾಪಾಸ್ಕಲ್, ಹಾಗಾಗಿ ಅದು 4.6ರ ಹತ್ತಿರಕ್ಕೆ ಬರಬೇಕು. ಹಾಳೆಯಾಕಾರದ ಟಾಲ್ಕ್, ಅಭ್ರಕಗಳು ಈ ಲೆಕ್ಕವನ್ನು ಮೀರುತ್ತವೆ, ಏಕೆಂದರೆ ಅಗಲವಾದ ಹಾಳೆಯು ಸುತ್ತಲಿನ ಪ್ಲಾಸ್ಟಿಕ್ಕನ್ನು ಹೆಚ್ಚು ದೂರ ಹಿಡಿದಿಟ್ಟುಕೊಳ್ಳುತ್ತದೆ. ತೂಕದಲ್ಲಿ ಶೇಕಡಾ 30 ಗಾಜಿನ ಎಳೆ ಬೆರೆತ ಪಿಬಿಟಿ 9ರಿಂದ 10 ಗಿಗಾಪಾಸ್ಕಲ್ ತಲುಪುತ್ತದೆ. ಆ ಎತ್ತರಕ್ಕೆ ಸಾಮಾನ್ಯ ಖನಿಜಗಳು ಏರಲಾರವು.

ಬಲದ ಕಥೆ ಬೇರೆ. ಕಣ ಮತ್ತು ಪ್ಲಾಸ್ಟಿಕ್ಕಿನ ನಡುವೆ ಬೆಸುಗೆ ಇಲ್ಲದಿದ್ದರೆ ಎಳೆದಾಗ ಕಣವು ಕಳಚಿಕೊಂಡು ಅಲ್ಲೊಂದು ಗುಳಿ ಉಳಿಯುತ್ತದೆ. ಭಾರ ಹೊರುವ ಅಡ್ಡಕೊಯ್ತದಲ್ಲಿ ಅಷ್ಟು ಭಾಗ ನಷ್ಟವಾದಂತೆಯೇ. ಬೆಸುಗೆಯೇ ಇಲ್ಲದ ದುಂಡು ಕಣಗಳಿಗೆ ನಿಕೊಲಾಯಿಸ್ ಮತ್ತು ನಾರ್ಕಿಸ್ ಕೊಟ್ಟ ಸೂತ್ರದ ಪ್ರಕಾರ ಶೇಕಡಾ 17 ಗಾತ್ರಕ್ಕೆ ಬಲವು ಮೂಲದ ಶೇಕಡಾ 63ಕ್ಕೆ ಕುಸಿಯುತ್ತದೆ. ಈ ಕುಸಿತವನ್ನು ತಡೆಯಲೆಂದೇ ಪುಡಿಗೆ ಸಿಲೇನ್ ಎಂಬ ರಾಸಾಯನಿಕದ ಲೇಪನ ಕೊಡುತ್ತಾರೆ. ಸಿಲೇನ್ ಅಣುವಿನ ಒಂದು ತುದಿ ಖನಿಜದ ಮೇಲ್ಮೈಯನ್ನು ಹಿಡಿಯುತ್ತದೆ, ಅಮೈನೋ ಅಥವಾ ಎಪಾಕ್ಸಿ ಗುಂಪಿರುವ ಇನ್ನೊಂದು ತುದಿ ಪಾಲಿಯೆಸ್ಟರ್ ಸರಪಳಿಯನ್ನು. ವೊಲಾಸ್ಟೊನೈಟ್, ಅಭ್ರಕ, ಪಿಂಗಾಣಿ ಮಣ್ಣುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಸುಣ್ಣದ ಕಲ್ಲಿನ ಮೇಲ್ಮೈಗೆ ಸಿಲೇನ್ ಅಷ್ಟಾಗಿ ಅಂಟುವುದಿಲ್ಲ.

ಪೆಟ್ಟು ತಾಳುವ ಗುಣ

ಖನಿಜ ಬೆರೆತ ಪಾಲಿಯೆಸ್ಟರ್‌ಗಳ ದೊಡ್ಡ ದೌರ್ಬಲ್ಯ ಇದು. ಶುದ್ಧ ಪಿಬಿಟಿಯನ್ನು ನಿಧಾನವಾಗಿ ಎಳೆದರೆ ತುಂಡಾಗುವ ಮುನ್ನ ಅದು ಶೇಕಡಾ 50ಕ್ಕೂ ಹೆಚ್ಚು ಹಿಗ್ಗಬಲ್ಲದು. ಶೇಕಡಾ 30 ಖನಿಜ ಸೇರಿದರೆ ಈ ಹಿಗ್ಗುವಿಕೆ ಶೇಕಡಾ ಕೆಲವಕ್ಕೆ ಇಳಿದುಬಿಡುತ್ತದೆ. ಕಾರಣ ಸರಳ: ಕಲ್ಲು ಹಿಗ್ಗುವುದಿಲ್ಲ, ಆದ್ದರಿಂದ ಎಲ್ಲ ಹಿಗ್ಗುವಿಕೆಯನ್ನೂ ನಡುವಿನ ಪ್ಲಾಸ್ಟಿಕ್ಕೇ ಭರಿಸಬೇಕು. ಇದರ ಜೊತೆಗೆ ಹಾಳೆಯ ಚೂಪಾದ ಅಂಚಿನಲ್ಲಿ ಒತ್ತಡ ಕೇಂದ್ರೀಕರಿಸಿ ಬಿರುಕಿಗೆ ನಾಂದಿಯಾಗುತ್ತದೆ.

ವ್ಯವಹಾರದಲ್ಲಿ ಇದರ ಪರಿಣಾಮ ಕಾಣುವುದು ಕೊಕ್ಕೆಗಳಲ್ಲಿ. ವಾಹನದ ಕನೆಕ್ಟರ್ ತನ್ನ ಜಾಗದಲ್ಲಿ ಕೂರುವುದು ಸಣ್ಣದೊಂದು ಬಾಗುವ ಕೊಕ್ಕೆಯ ಆಧಾರದಿಂದ. ಮೆಕ್ಯಾನಿಕ್ ಅದನ್ನು ಬಿಚ್ಚುವಾಗಲೆಲ್ಲ ಕೊಕ್ಕೆ ಬಾಗಿ ಮರಳಬೇಕು. ಖನಿಜ ಹೆಚ್ಚಾದ ವಸ್ತುವಿನಲ್ಲಿ ಅದು ಮೊದಲನೆಯ ಅಥವಾ ಎರಡನೆಯ ಸಲಕ್ಕೇ ಮುರಿಯಬಹುದು. ಮುರಿದ ಕೊಕ್ಕೆಯ ಕನೆಕ್ಟರ್ ಗಾಡಿಯ ಅದುರಿಗೆ ಸಡಿಲಗೊಳ್ಳುತ್ತದೆ. ಆದ್ದರಿಂದ ಕೊಕ್ಕೆಯಿರುವ ಭಾಗಗಳಿಗೆ ಖನಿಜದ ಪ್ರಮಾಣವನ್ನು ಮಿತಿಯಲ್ಲಿಡುತ್ತಾರೆ, ಇಲ್ಲವೇ ರಬ್ಬರಿನಂಥ ಮೃದು ಪಾಲಿಮರ್ ಸೇರಿಸುತ್ತಾರೆ. ರಬ್ಬರ್ ಸೇರಿಸಿದರೆ ಗಳಿಸಿದ ಬಿಗುವಿನಲ್ಲಿ ಒಂದಷ್ಟನ್ನು ಬಿಟ್ಟುಕೊಡಬೇಕಾಗುತ್ತದೆ. ಕಣವು ನುಣುಪಾದಷ್ಟೂ ನಷ್ಟ ಕಡಿಮೆ. ಚೆನ್ನಾಗಿ ಬಿಡಿಬಿಡಿಯಾಗದೆ ಗಂಟುಗಟ್ಟಿದ ಪುಡಿ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಒಂದೊಂದು ಗಂಟೂ ಒಂದು ದೊಡ್ಡ ಕಣದಂತೆಯೇ ವರ್ತಿಸುತ್ತದೆ.

ಸ್ಫಟಿಕೀಕರಣದ ಮೇಲೆ ಪರಿಣಾಮ

ಪಾಲಿಯೆಸ್ಟರ್‌ಗಳಲ್ಲಿ ಖನಿಜದ ಪಾತ್ರ ಕೇವಲ ಯಾಂತ್ರಿಕವಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ಕರಗಿದ ಪಿಇಟಿಯನ್ನು ತಣ್ಣನೆಯ ಅಚ್ಚಿಗೆ ಸುರಿದರೆ ಸರಪಳಿಗಳಿಗೆ ಸಾಲಾಗಿ ಜೋಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ವಸ್ತು ಗಾಜಿನಂತೆ ಪಾರದರ್ಶಕವಾಗಿ ಗಟ್ಟಿಯಾಗುತ್ತದೆ. ಬಾಟಲಿಗೆ ಬೇಕಾದದ್ದು ಅದೇ. ಆದರೆ ಇಸ್ತ್ರಿಪೆಟ್ಟಿಗೆಯ ಕವಚಕ್ಕೆ ಅದು ಕೆಲಸಕ್ಕೆ ಬಾರದು: 80 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗಿ, ಮತ್ತಷ್ಟು ಬಿಸಿಯಾದಾಗ ತಡವಾಗಿ ಸ್ಫಟಿಕಗೊಂಡು, ಬೆಳ್ಳಗಾಗಿ ಕುಗ್ಗುತ್ತದೆ. ಬಿಸಿ ಪಾನೀಯ ತುಂಬುವ ಕೆಲವು ಬಾಟಲಿಗಳ ಕುತ್ತಿಗೆ ಮಾತ್ರ ಹಾಲಿನಂತೆ ಬಿಳಿಯಾಗಿರುವುದನ್ನು ಗಮನಿಸಿರಬಹುದು. ಅದು ಬೇಕೆಂದೇ ಸ್ಫಟಿಕಗೊಳಿಸಿದ ಪಿಇಟಿ.

ಪಿಇಟಿ ಅತಿ ವೇಗವಾಗಿ ಸ್ಫಟಿಕವಾಗುವುದು 170ರಿಂದ 180 ಡಿಗ್ರಿಯ ಸುಮಾರಿಗೆ. ಫಿಲ್ಲರ್ ಇಲ್ಲದಿದ್ದರೆ ಅಚ್ಚನ್ನು 130 ಡಿಗ್ರಿಗೂ ಮೇಲೆ ಬಿಸಿಯಾಗಿ ಇಟ್ಟು ಕಾಯಬೇಕಾಗುತ್ತದೆ. ಅಷ್ಟು ಬಿಸಿಗೆ ನೀರಿನ ಬದಲು ಎಣ್ಣೆ ಹರಿಸಬೇಕು, ಸಮಯವೂ ಹೆಚ್ಚು. ಶೇಕಡಾ 1ಕ್ಕಿಂತ ಕಡಿಮೆ ನುಣ್ಣನೆಯ ಟಾಲ್ಕ್ ಬೆರೆಸಿದರೂ ಈ ಚಿತ್ರ ಬದಲಾಗುತ್ತದೆ. ಟಾಲ್ಕಿನ ಹಾಳೆಯ ಮೇಲ್ಮೈ ಮೇಲೆ ಪಾಲಿಮರ್ ಸರಪಳಿಗಳು ಸುಲಭವಾಗಿ ಸಾಲುಗಟ್ಟುತ್ತವೆ, ಮೊದಲ ಸಾಲಿನ ಮೇಲೆ ಮುಂದಿನವು ಕೂರುತ್ತವೆ. ಹೆಪ್ಪು ಹಾಕಿದ ಹಾಲಿನಂತೆ ಅಸಂಖ್ಯ ಕಡೆಗಳಲ್ಲಿ ಒಮ್ಮೆಲೇ ಘನೀಕರಣ ಶುರುವಾಗುತ್ತದೆ. ಸೋಡಿಯಂ ಬೆಂಜೊಯೇಟಿನಂಥ ಲವಣಗಳೂ ಇದೇ ಫಲ ಕೊಡುತ್ತವೆ. ಆದರೆ ಅವು ಸರಪಳಿಯೊಂದಿಗೆ ರಾಸಾಯನಿಕವಾಗಿ ವರ್ತಿಸಿ ಅದನ್ನು ತುಂಡರಿಸುತ್ತವೆ. ಟಾಲ್ಕಿನಿಂದ ಆ ತೊಂದರೆ ಇಲ್ಲ. ಬಾಟಲಿಗೆ ಹುಟ್ಟಿದ ನಿಧಾನಗತಿಯ ಪಿಇಟಿ ಎಂಜಿನಿಯರಿಂಗ್ ಪ್ಲಾಸ್ಟಿಕ್ಕಾಗಿ ನಿಲ್ಲಲು ಇಂಥ ಹೆಪ್ಪುಕಾರಕಗಳೇ ಮುಖ್ಯ ಆಧಾರ. ಪಿಬಿಟಿ ತಾನಾಗಿಯೇ ಬೇಗ ಸ್ಫಟಿಕವಾಗುವುದರಿಂದ ಅಲ್ಲಿ ಈ ಉಪಕಾರ ಅಷ್ಟೇನೂ ದೊಡ್ಡದಲ್ಲ.

ಸೊಟ್ಟಗಾಗುವಿಕೆ

ಗಾಜಿನ ಎಳೆ ಇಷ್ಟೊಂದು ಬಿಗುವು ಕೊಡುವಾಗ ಖನಿಜವೇಕೆ ಬೇಕು ಎಂಬ ಪ್ರಶ್ನೆ ಸಹಜ. ಇದಕ್ಕೆ ಮುಖ್ಯ ಉತ್ತರ ಸೊಟ್ಟಗಾಗುವಿಕೆ. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿಯುವಾಗ ಹೊಳೆಯಲ್ಲಿ ತೇಲುವ ಕಡ್ಡಿಗಳಂತೆ ಎಳೆಗಳು ಹರಿವಿನ ದಿಕ್ಕಿಗೆ ತಿರುಗುತ್ತವೆ. ತಣಿಯುವಾಗ ಆ ದಿಕ್ಕಿನಲ್ಲಿ ಎಳೆಗಳು ಕುಗ್ಗುವಿಕೆಯನ್ನು ತಡೆಯುತ್ತವೆ, ಅಡ್ಡ ದಿಕ್ಕಿನಲ್ಲಿ ತಡೆಯುವವರಿಲ್ಲ. ಶೇಕಡಾ 30 ಗಾಜಿನ ಎಳೆಯ ಪಿಬಿಟಿ ಉದ್ದಕ್ಕಿಂತ ಅಡ್ಡಕ್ಕೆ ಎರಡು ಮೂರು ಪಟ್ಟು ಹೆಚ್ಚು ಕುಗ್ಗಬಹುದು. ಅಗಲವಾದ ಚಪ್ಪಟೆ ಭಾಗವಾದರೆ ಬಿಸಿಲಿಗಿಟ್ಟ ಹಪ್ಪಳದಂತೆ ಮಡಿಚಿಕೊಳ್ಳುತ್ತದೆ.

ಅಭ್ರಕದಂಥ ಹಾಳೆಯು ತನ್ನ ಸಮತಲದ ಎಲ್ಲ ದಿಕ್ಕಿಗೂ ಒಂದೇ ರೀತಿ ತಡೆಯೊಡ್ಡುತ್ತದೆ. ದುಂಡು ಕಣಗಳಿಗಂತೂ ದಿಕ್ಕೇ ಇಲ್ಲ. ಆದ್ದರಿಂದ ಬಿಗುವೂ ಬೇಕು, ನೇರವಾಗಿಯೂ ಇರಬೇಕು ಎನ್ನುವಲ್ಲಿ ಗಾಜು ಮತ್ತು ಅಭ್ರಕ ಎರಡನ್ನೂ ಕೂಡಿಸುವ ಪದ್ಧತಿ ಬಂದಿದೆ. ಬಲದಲ್ಲಿ ಸ್ವಲ್ಪ ನಷ್ಟವಾದರೂ ಭಾಗವು ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಹತ್ತಾರು ಪಿನ್ನುಗಳು ನೇರ ಸಾಲಿನಲ್ಲಿ ಹೊಂದಬೇಕಾದ ಕನೆಕ್ಟರಿನಲ್ಲಿ ಒಂದು ಮಿಲಿಮೀಟರಿನ ಅಲ್ಪ ಭಾಗ ಸೊಟ್ಟಗಾದರೂ ಅದು ತಿರಸ್ಕೃತವೇ.

ಬಿಸಿ ತಾಳುವಿಕೆಯಲ್ಲಿಯೂ ಇಂಥದೇ ತಾರತಮ್ಯವಿದೆ. ನಿಗದಿತ ಭಾರದಡಿ ವಸ್ತು ಬಾಗತೊಡಗುವ ಉಷ್ಣತೆಯನ್ನು ಶೇಕಡಾ 30 ಗಾಜಿನ ಎಳೆಯು ಪಿಬಿಟಿಯಲ್ಲಿ 60ರ ಆಸುಪಾಸಿನಿಂದ 200 ಡಿಗ್ರಿಗೆ ಏರಿಸುತ್ತದೆ. ಹಾಳೆಯಾಕಾರದ ಖನಿಜಗಳ ಏರಿಕೆ ಇದಕ್ಕಿಂತ ಕಡಿಮೆ, ದುಂಡು ಕಣಗಳದ್ದು ಇನ್ನೂ ಕಡಿಮೆ.

ತೇವ ಮತ್ತು ಸರಪಳಿಯ ಒಡೆಯುವಿಕೆ

ಪಾಲಿಯೆಸ್ಟರ್ ತಯಾರಾಗುವಾಗ ಆಮ್ಲ ಮತ್ತು ಆಲ್ಕೊಹಾಲ್ ಕೂಡುವಲ್ಲಿ ನೀರು ಹೊರಬೀಳುತ್ತದೆ. ಕರಗಿದ ಸ್ಥಿತಿಯಲ್ಲಿ ನೀರು ಮತ್ತೆ ಸಿಕ್ಕರೆ ಕ್ರಿಯೆ ಹಿಮ್ಮುಖವಾಗಿ ನಡೆದು ಸರಪಳಿ ತುಂಡಾಗುತ್ತದೆ. ಒಂದು ನೀರಿನ ಅಣು, ಒಂದು ತುಂಡು. ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ಕುಗಳಿಗೆ ಇಲ್ಲದ ಈ ಅಪಾಯವನ್ನು ಲೆಕ್ಕಿಸದೆ, ಅಲ್ಲಿ ಬಳಸಿದ ಪುಡಿಯನ್ನೇ ಇಲ್ಲಿಯೂ ಬಳಸಿದರೆ ಕೆಡುಕು ಖಚಿತ.

ಎಷ್ಟು ನೀರು ಅಪಾಯಕಾರಿ? ಸರಾಸರಿ ಅಣುತೂಕ 25,000 ಇರುವ ಪಿಬಿಟಿಯ 100 ಗ್ರಾಮಿನಲ್ಲಿ 4 ಮಿಲಿಮೋಲ್ ಸರಪಳಿಗಳಿರುತ್ತವೆ. ಅದರಲ್ಲಿ ಶೇಕಡಾ 0.02 ತೇವವಿದ್ದರೆ ನೀರು 1.1 ಮಿಲಿಮೋಲ್. ಅಷ್ಟೂ ನೀರು ಕ್ರಿಯೆಯಲ್ಲಿ ತೊಡಗಿದರೆ ಸರಪಳಿಗಳ ಸಂಖ್ಯೆ 5.1 ಮಿಲಿಮೋಲ್ ಆಗಿ ಸರಾಸರಿ ಅಣುತೂಕ 19,600ಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ, ಕೈಗೆ ತಗಲದ ತೇವವು ಸರಪಳಿಯ ಐದನೇ ಒಂದು ಭಾಗದಷ್ಟು ಉದ್ದವನ್ನು ಕತ್ತರಿಸಬಲ್ಲದು. ಹೊರನೋಟಕ್ಕೆ ಭಾಗವು ಚೆನ್ನಾಗಿಯೇ ಇರುತ್ತದೆ. ಪೆಟ್ಟು ಬಿದ್ದಾಗಲೇ ಗುಟ್ಟು ಹೊರಬೀಳುವುದು. ಪಿಬಿಟಿ ಕಾಳುಗಳನ್ನು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸದೆ ಅಚ್ಚಿಗೆ ಹಾಕಬಾರದೆಂಬ ನಿಯಮ ಬಂದದ್ದು ಇದರಿಂದಲೇ.

ಖನಿಜಗಳು ಈ ತೇವವನ್ನು ಹೊತ್ತು ತರುತ್ತವೆ. ಟಾಲ್ಕಿನ ಹಾಳೆಯ ಮುಖ ನೀರನ್ನು ಒಲ್ಲದು, ಆದ್ದರಿಂದ ಅದು ಈ ವಿಷಯದಲ್ಲಿ ಸಜ್ಜನ. ಪಿಂಗಾಣಿ ಮಣ್ಣಿನ ರಚನೆಯೊಳಗೇ ನೀರಿನಂಶ ಸೇರಿಕೊಂಡಿರುವುದರಿಂದ ಅದನ್ನು ಮೊದಲೇ ಕುಲುಮೆಯಲ್ಲಿ ಸುಟ್ಟು ಬಳಸುವುದು ಲೇಸು. ವೊಲಾಸ್ಟೊನೈಟ್ ಮತ್ತು ಸುಣ್ಣದ ಕಲ್ಲುಗಳ ಮೇಲ್ಮೈ ಕ್ಷಾರಗುಣದ್ದು. ಕ್ಷಾರವು ನೀರಿನ ಈ ಕತ್ತರಿ ಕೆಲಸವನ್ನು ಚುರುಕುಗೊಳಿಸುತ್ತದೆ. ಲೇಪನದ ಇನ್ನೊಂದು ಉಪಯೋಗ ಇಲ್ಲಿದೆ: ಬೆಸುಗೆ ಹಾಕುವುದರ ಜೊತೆಗೆ ಅದು ಖನಿಜದ ಮೇಲ್ಮೈಯನ್ನು ಪಾಲಿಮರ್‌ನಿಂದ ದೂರವೂ ಇಡುತ್ತದೆ.

ಜೇಡಿಯ ನ್ಯಾನೊ ಹಾಳೆಗಳು

ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ ದಪ್ಪ. ಜಪಾನಿನ ಟೊಯೊಟಾ ಸಂಶೋಧಕರು ನೈಲಾನಿನಲ್ಲಿ ಇದನ್ನು ಬಿಡಿಸಿ ಹರಡಿ ಯಶಸ್ಸು ಕಂಡ ಮೇಲೆ ಪಾಲಿಯೆಸ್ಟರ್‌ಗಳಲ್ಲೂ ಪ್ರಯತ್ನಗಳಾದವು. ಇಲ್ಲಿ ಅಷ್ಟು ಫಲ ಸಿಗಲಿಲ್ಲ. ಪದರಗಳನ್ನು ಬೇರ್ಪಡಿಸಲು ಬಳಸುವ ಅಮೋನಿಯಂ ಲವಣಗಳು 200 ಡಿಗ್ರಿ ದಾಟಿದಾಗ ವಿಭಜನೆಗೊಳ್ಳತೊಡಗುತ್ತವೆ, ಪಿಇಟಿಯನ್ನು ಸಂಸ್ಕರಿಸುವುದಾದರೋ 270 ಡಿಗ್ರಿಯ ಮೇಲೆ. ವಸ್ತು ಹಳದಿಗಟ್ಟುತ್ತದೆ, ಸರಪಳಿಗಳೂ ಒಡೆಯುತ್ತವೆ.

ಬೆಸುಗೆ ಇಲ್ಲದಿರುವುದೇ ಉಪಯೋಗವಾಗುವ ಸಂದರ್ಭ

ಕಣವು ಪ್ಲಾಸ್ಟಿಕ್ಕಿನಿಂದ ಕಳಚಿಕೊಳ್ಳುವುದನ್ನು ದೋಷವೆಂದು ಮೇಲೆ ಹೇಳಲಾಯಿತು. ಪಿಇಟಿ ಫಿಲ್ಮ್ ತಯಾರಕರು ಅದನ್ನೇ ಗುಣವಾಗಿ ಬಳಸಿಕೊಂಡಿದ್ದಾರೆ. ಬೇರಿಯಂ ಸಲ್ಫೇಟ್ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸಿದಾಗ ಪ್ರತಿ ಕಣದ ಸುತ್ತ ಸಣ್ಣ ಪೊಳ್ಳು ಉಂಟಾಗುತ್ತದೆ. ಈ ಪೊಳ್ಳುಗಳು ಬೆಳಕನ್ನು ಚದುರಿಸುವುದರಿಂದ ಫಿಲ್ಮ್ ಕಾಗದದಂತೆ ಬೆಳ್ಳಗೆ ಕಾಣುತ್ತದೆ, ತೂಕವೂ ಇಳಿಯುತ್ತದೆ. ಎಲ್‌ಸಿಡಿ ಪರದೆಗಳಲ್ಲಿ ಬೆಳಕನ್ನು ಮುಂದಕ್ಕೆ ತಳ್ಳುವ ಬಿಳಿಯ ಹಾಳೆಗಳಲ್ಲಿ ಇಂಥವು ಸೇರಿವೆ.

ಗಣಿ, ಧೂಳು ಮತ್ತು ಮರುಬಳಕೆ

ಪ್ಲಾಸ್ಟಿಕ್ಕಿನೊಳಗೆ ಸೇರಿದ ಖನಿಜ ನಿರಪಾಯಕಾರಿ. ಅದು ಪುಡಿಯಾಗಿರುವಾಗ ಹಾಗಲ್ಲ. ಗಣಿಯಲ್ಲೂ ಬೀಸುವ ಕಾರ್ಖಾನೆಯಲ್ಲೂ ಜೊತೆಯಲ್ಲಿ ಏಳುವ ಬೆಣಚುಕಲ್ಲಿನ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆಗೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರಲ್ಲಿ ಟಾಲ್ಕನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ವರ್ಗಕ್ಕೆ ಸೇರಿಸಿತು. ಜಾರ್ಖಂಡ್ ಮತ್ತು ಬಿಹಾರಗಳ ಅನಧಿಕೃತ ಅಭ್ರಕ ಗಣಿಗಳಲ್ಲಿ ಮಕ್ಕಳು ಚೂರುಗಳನ್ನು ಆಯುವ ಸಂಗತಿ ಹಲವು ಬಾರಿ ವರದಿಯಾಗಿದೆ. ಅಭ್ರಕದ ಗುಣಗಳನ್ನು ವರ್ಣಿಸುವ ಪಠ್ಯಗಳು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಬಳಸಿ ಎಸೆದ ಬಾಟಲಿಗಳ ಪಿಇಟಿಯ ಸರಪಳಿಗಳು ಪ್ರತಿ ಕರಗುವಿಕೆಯಲ್ಲೂ ತುಸು ಗಿಡ್ಡವಾಗುತ್ತವೆ. ಮತ್ತೆ ಬಾಟಲಿಯಾಗಲು ಯೋಗ್ಯವಲ್ಲದ ಇಂಥ ಪಿಇಟಿಗೆ ಗಾಜು, ಟಾಲ್ಕ್, ಅಭ್ರಕಗಳನ್ನು ಬೆರೆಸಿ ಬಾಳಿಕೆಯ ಭಾಗಗಳನ್ನು ಮಾಡುವುದು ಸಾಧ್ಯ; ಗಿಡ್ಡ ಸರಪಳಿ ಬೇಗ ಸ್ಫಟಿಕವಾಗುವುದು ಇಲ್ಲಿ ಅನುಕೂಲವೇ. ಆದರೆ ಒಮ್ಮೆ ಖನಿಜ ಸೇರಿದ ಪಿಇಟಿಯನ್ನು ಮರಳಿ ಪಾರದರ್ಶಕ ಬಾಟಲಿಯ ದಾರಿಗೆ ತರಬೇಕಾದರೆ, ಪಾಲಿಮರನ್ನು ರಾಸಾಯನಿಕವಾಗಿ ಮೂಲ ಅಣುಗಳಿಗೆ ಬಿಡಿಸಿ, ಕಲ್ಲನ್ನು ಸೋಸಿ ತೆಗೆದು, ಹೊಸದಾಗಿ ಕಟ್ಟಬೇಕಾಗುತ್ತದೆ.